ಕೂಲಿಂಗ್ ಇರುವ ಖಗೋಳ ಕ್ಯಾಮೆರಾಗೂ ಡಾರ್ಕ್ ಫ್ರೇಮ್ ಬೇಕೇ? ಕ್ಯಾಮೆರಾವನ್ನು ನೋಡಿಕೊಳ್ಳುವುದು ಹೇಗೆ?

ಬೇಕು. ಡಾರ್ಕ್ ಫ್ರೇಮ್ ಎಂದರೆ ಮುಚ್ಚಳ ಹಾಕಿ, ಬೆಳಕು ಬೀಳದಂತೆ ತೆಗೆದ ಚಿತ್ರ. ಬೆಳಕು ಬೀಳದಿದ್ದರೂ ಶಾಖದಿಂದಲೇ ಸೆನ್ಸರ್‌ನಲ್ಲಿ ಎಲೆಕ್ಟ್ರಾನ್‌ಗಳು ಕೂಡುತ್ತಾ ಹೋಗುತ್ತವೆ. ಇದೇ ಡಾರ್ಕ್ ಕರೆಂಟ್. ತಾಪಮಾನ ಸುಮಾರು 6–7 ಡಿಗ್ರಿ ಸೆಲ್ಸಿಯಸ್ ಏರಿದರೆ ಇದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕೂಲಿಂಗ್ ಇದನ್ನು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ.

ತಾಪಮಾನ ಎಷ್ಟು ಕೆಳಗಿಳಿಯಿತು ಎನ್ನುವುದಕ್ಕಿಂತ ಅದು ಏರಿಳಿಯದೆ ನಿಲ್ಲುವುದು ಮುಖ್ಯ. ನಮ್ಮ ಬೇಸಿಗೆ ರಾತ್ರಿಗಳಲ್ಲಿ ಮೈನಸ್ 20ರ ಆಸೆ ಬಿಡಿ. ಕೂಲರ್ ಶೇ 70–80ರಷ್ಟು ಶಕ್ತಿಯಲ್ಲೇ ಹಿಡಿದಿಡಬಲ್ಲ ತಾಪಮಾನ ಆರಿಸಿ. ಆಮೇಲೆ ಮುಚ್ಚಳ ಹಾಕಿ, ಅದೇ ತಾಪಮಾನ, ಅದೇ ಗೇನ್ (ಸಂಕೇತವನ್ನು ಹಿಗ್ಗಿಸುವ ಮಟ್ಟ), ಅದೇ ಎಕ್ಸ್‌ಪೋಶರ್ ಸಮಯದಲ್ಲಿ ಇಪ್ಪತ್ತು-ಮೂವತ್ತು ಡಾರ್ಕ್ ಫ್ರೇಮ್ ತೆಗೆದು, ಅವುಗಳ ಸರಾಸರಿಯನ್ನು ಚಿತ್ರದಿಂದ ಕಳೆಯಿರಿ. ಸಿಮಾಸ್ (CMOS) ಸೆನ್ಸರ್‌ನ ಅಂಚಿನಲ್ಲಿ ಕಾಣುವ ಆಂಪ್ ಗ್ಲೋ (ಸೆನ್ಸರ್‌ನ ಸರ್ಕ್ಯೂಟ್‌ನಿಂದಲೇ ಹುಟ್ಟುವ ಹೊಳಪು) ಸಮಯಕ್ಕೆ ನೇರ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಹಾಗಾಗಿ ದಯವಿಟ್ಟು 60 ಸೆಕೆಂಡಿನ ಡಾರ್ಕನ್ನು ಐದರಿಂದ ಗುಣಿಸಿ 300 ಸೆಕೆಂಡಿನ ಚಿತ್ರಕ್ಕೆ ಬಳಸಬೇಡಿ.

ದೂಳಿನ ಉಂಗುರಗಳಿಗೆ ಡಾರ್ಕ್ ಮದ್ದಲ್ಲ, ಫ್ಲ್ಯಾಟ್ ಫ್ರೇಮ್ (ಎಲ್ಲೆಡೆ ಸಮನಾದ ಬೆಳಕಿನತ್ತ ತಿರುಗಿಸಿ ತೆಗೆದ ಚಿತ್ರ) ಬೇಕು. ಫೋಕಸ್ ಕದಲಿಸುವ ಮೊದಲೇ, ಕ್ಯಾಮೆರಾ ಬಿಚ್ಚುವ ಮೊದಲೇ ಅದನ್ನು ತೆಗೆಯಿರಿ.

ಚಿತ್ರದ ನಡುವೆ ಮಂಜಿನಂಥ ಕಲೆ ಬೆಳೆಯುತ್ತಿದ್ದರೆ ಒಳಗೆ ತೇವ ಸೇರಿರಬಹುದು. ಕೈಪಿಡಿ ಹೇಳಿದಂತೆ ಸಿಲಿಕಾ ಜೆಲ್ ಒಣಗಿಸಿ ಅಥವಾ ಬದಲಿಸಿ. ಸೆನ್ಸರ್ ಮುಂದಿನ ಗಾಜಿನ ಮೇಲೆ ಕೂತ ದೂಳಿಗೆ ರಬ್ಬರ್ ಬ್ಲೋವರ್ ಸಾಕು. ಬಾಯಿಂದ ಊದಿದರೆ ಎಂಜಲು ಹಾರಿ ಕೂರುತ್ತದೆ.