ಹಗಲು ಮಲಗುವ ಮಗು, ರಾತ್ರಿ ಎಚ್ಚರ ಇರುವ ತಾಯಿ

(ಗುರುತು ಸಿಗದಂತೆ ಹೆಸರು, ಊರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ನನ್ನ ಬಳಿ ಬಂದ ಈ ತಾಯಿಯನ್ನು ಸುಮಾ ಎಂದು ಕರೆಯೋಣ. ಕೆಲಸ ಬೆಂಗಳೂರಿನಲ್ಲಿ, ಬಾಣಂತನ ತುಮಕೂರು ಕಡೆಯ ತವರಿನಲ್ಲಿ. ಮೊದಲ ಮಗು, ಹೆಣ್ಣು, ಹತ್ತು ವಾರ ತುಂಬಿತ್ತು. ಗಂಡ ಬೆಂಗಳೂರಿನಲ್ಲೇ ಇದ್ದು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು.

"ಹಗಲೆಲ್ಲ ಮಲಗ್ತಾಳೆ ಮೇಡಂ. ರಾತ್ರಿ ಹನ್ನೊಂದಕ್ಕೆ ಕಣ್ಣು ಬಿಟ್ರೆ ಮೂರು ಗಂಟೆವರೆಗೂ ಆಟ, ಅಳು. ನಂಗೆ ತಲೆನೇ ಓಡ್ತಿಲ್ಲ" ಎಂದರು ಸುಮಾ. ಪಕ್ಕದಲ್ಲಿದ್ದ ಅವರ ತಾಯಿ, "ಎಲ್ಲ ಮಕ್ಕಳೂ ಹಂಗೇ. ಇವಳು ಆ ಫೋನ್ ನೋಡ್ಕೊಂಡು ತಲೆ ಕೆಡಿಸ್ಕೊಂಡಿದ್ದಾಳೆ ಅಷ್ಟೇ" ಎಂದರು.

ಇಬ್ಬರ ಮಾತೂ ಸುಳ್ಳಲ್ಲ. ಸುಮಾ ಒಂದು ಆ್ಯಪ್‌ನಲ್ಲಿ ಮಗುವಿನ ಪ್ರತಿ ಹಾಲು, ಪ್ರತಿ ನಿದ್ದೆಯನ್ನೂ ಬರೆದಿಡುತ್ತಿದ್ದರು. ಆ್ಯಪ್ ಹೇಳಿದ ಹೊತ್ತಿಗೆ ಮಗು ಮಲಗದಿದ್ದರೆ ಇವರಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ವಿದೇಶದಲ್ಲಿರುವ ಅಕ್ಕನ ಮಗಳೊಬ್ಬಳು, ಅಳಲು ಬಿಟ್ಟರೆ ತಾನೇ ಮಲಗುವುದನ್ನು ಕಲಿಯುತ್ತದೆ ಎಂದೂ ಹೇಳಿದ್ದಳಂತೆ. ಅದೊಂದನ್ನು ಅಲ್ಲೇ ನಿಲ್ಲಿಸಿದೆ. ಹತ್ತು ವಾರದ ಮಗುವಿಗೆ ಆ ಪ್ರಯೋಗ ಬೇಡವೇ ಬೇಡ. ಈ ವಯಸ್ಸಿನಲ್ಲಿ ಅದು ರಾತ್ರಿ ಏಳುವುದು ಹಸಿವಿಗೆ. ಹೊಟ್ಟೆ ಚಿಕ್ಕದು, ತಾಯಿ ಹಾಲು ಬೇಗ ಅರಗುತ್ತದೆ. ಎದ್ದಾಗ ಹಾಲು ಕೊಡಬೇಕು, ಅಷ್ಟೇ.

ನಿದ್ದೆಯ ಮಾತಿಗೆ ಮೊದಲು ನಾನು ಆರೋಗ್ಯ ಕೇಳುತ್ತೇನೆ. ತೂಕ ಸರಿಯಾಗಿ ಏರುತ್ತಿದೆಯಾ? ದಿನಕ್ಕೆ ಆರು ಸಲವಾದರೂ ಉಚ್ಚೆ ಹೋಗುತ್ತಿದೆಯಾ? ಎರಡೂ ಸರಿಯಿತ್ತು. ಆರನೇ ವಾರದ ಲಸಿಕೆ ಆಗಿತ್ತು, ಮಕ್ಕಳ ವೈದ್ಯರೂ ನೋಡಿದ್ದರು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಬಂದರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ ಅದು ಆಪ್ತಸಲಹೆಯ ವಿಷಯವಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು ಎಂದು ಇಬ್ಬರಿಗೂ ಹೇಳಿದೆ.

ಆಮೇಲೆ ಕೇಳಿದ್ದು, "ಮಗು ಇರೋ ಕೋಣೆ ಹೇಗಿದೆ?"

ಉತ್ತರ ಅಲ್ಲೇ ಇತ್ತು. ಬಾಣಂತಿ ಕೋಣೆ. ಗಾಳಿ ಬಡಿಯಬಾರದು ಎಂದು ಕಿಟಕಿ ಮುಚ್ಚಿ, ಪರದೆ ಎಳೆದು ಹಗಲಿಡೀ ಕತ್ತಲು. ಬೆಳಿಗ್ಗೆ ಹತ್ತರ ಹೊತ್ತಿಗೆ ನೀರು ಎರೆಯುವವರು ಬರುತ್ತಾರೆ. ಎಣ್ಣೆ ಹಚ್ಚಿ, ಬಿಸಿ ನೀರು ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಕುಲಾವಿ ಕಟ್ಟಿ ಸೀರೆ ಜೋಲಿಯಲ್ಲಿ ಮಲಗಿಸಿದರೆ ಮಗು ಮಧ್ಯಾಹ್ನ ಎರಡಕ್ಕೆ ಏಳುತ್ತದೆ. ಮನೆಯವರೆಲ್ಲ ಪಿಸುಗುಟ್ಟಿಕೊಂಡು ಓಡಾಡುತ್ತಾರೆ. ಸಂಜೆಯಾದರೆ ಉಲ್ಟಾ. ಮಗು ನೋಡಲು ಬರುವವರು, ಟ್ಯೂಬ್‌ಲೈಟ್, ಪಕ್ಕದ ಹಾಲ್‌ನಲ್ಲಿ ಹತ್ತೂವರೆವರೆಗೆ ಧಾರಾವಾಹಿ. ರಾತ್ರಿ ಮಗು ಎದ್ದರೆ ಲೈಟ್ ಹಾಕಿ ಅಜ್ಜಿ, ತಾತ ಇಬ್ಬರೂ ಮಾತಾಡಿಸುತ್ತಾರೆ.

ಅಂದರೆ ಆ ಮನೆಯಲ್ಲಿ ಮಗುವಿಗೆ ಹಗಲು ರಾತ್ರಿಯಂತಿತ್ತು, ರಾತ್ರಿ ಹಗಲಿನಂತಿತ್ತು. ಮಗು ಇದ್ದದ್ದನ್ನೇ ಕಲಿಯುತ್ತಿತ್ತು.

ಕತ್ತಲಾದಾಗ ನಿದ್ದೆ ತರುವ ಮೆಲಟೋನಿನ್ ಎಂಬ ಹಾರ್ಮೋನಿನ ಲಯ ಹುಟ್ಟಿದ ಮಗುವಿಗೆ ಇರುವುದಿಲ್ಲ. ಅದು ರೂಪುಗೊಳ್ಳುವುದು ಸುಮಾರು ಎರಡರಿಂದ ಮೂರು ತಿಂಗಳ ಹೊತ್ತಿಗೆ. ಅದಕ್ಕೆ ಸಿಗುವ ದೊಡ್ಡ ಸುಳಿವು ಬೆಳಕು. ಮೊದಲ ಮೂರು ತಿಂಗಳು ಮಕ್ಕಳು ದಿನಕ್ಕೆ 14ರಿಂದ 17 ಗಂಟೆ ಮಲಗುವುದು ಸಾಮಾನ್ಯ. ಸುಮಾ ಬರೆದಿಟ್ಟಿದ್ದನ್ನೇ ಕೂಡಿಸಿ ನೋಡಿದೆವು. ಮಗುವಿಗೆ ನಿದ್ದೆ ಕಮ್ಮಿಯೇ ಆಗಿರಲಿಲ್ಲ! ಜಾಗ ತಪ್ಪಿತ್ತು, ಅಷ್ಟೇ. ಇದನ್ನು ಕೇಳಿ ಸುಮಾ ಮೊದಲ ಸಲ ಸ್ವಲ್ಪ ನಕ್ಕರು.

ನಾನು ಕೊಟ್ಟ ಮೊದಲ ಸಲಹೆ ಗಡಿಯಾರದ ವೇಳಾಪಟ್ಟಿ ಅಲ್ಲ, ಕಿಟಕಿ. ಬೆಳಿಗ್ಗೆ ಏಳರ ಹೊತ್ತಿಗೆ ಪರದೆ ಸರಿಸಿ. ಗಾಳಿಯ ಭಯವಿದ್ದರೆ ಗಾಜು ಮುಚ್ಚಿಯೇ ಇರಲಿ, ಬೆಳಕು ಬರಲಿ. ಹಾಲು ಕುಡಿದ ಮೇಲೆ ಸ್ವಲ್ಪ ಹೊತ್ತು ಮಗುವನ್ನು ಕಿಟಕಿ ಹತ್ತಿರ ಇಟ್ಟುಕೊಂಡು ಮಾತಾಡಿಸಿ. ಹಗಲು ನಿದ್ದೆಗೆ ಮನೆಯ ಸದ್ದು ನಿಲ್ಲಿಸಬೇಕಿಲ್ಲ, ಕುಕ್ಕರ್ ಕೂಗಲಿ. ಹಗಲಲ್ಲಿ ಎರಡೂವರೆ, ಮೂರು ಗಂಟೆ ದಾಟಿ ಮಲಗಿದರೆ ಮೆಲ್ಲಗೆ ಎಬ್ಬಿಸಿ ಹಾಲು ಕೊಡಿ. ಮಲಗಿದ ಮಗುವನ್ನು ಎಬ್ಬಿಸೋದಾ ಎಂದು ಅಜ್ಜಿ ಮುಖ ಸಿಂಡರಿಸಿದರು. ಹಗಲು ಹೊಟ್ಟೆ ತುಂಬಿದಷ್ಟೂ ರಾತ್ರಿಗೆ ಅನುಕೂಲ ಎಂದ ಮೇಲೆ ಒಪ್ಪಿದರು.

ಸ್ನಾನವನ್ನು ಸಂಜೆಗೆ ಹಾಕಿ ಎಂದು ಪುಸ್ತಕಗಳೆಲ್ಲ ಹೇಳುತ್ತವೆ. ನಾನು ಹೇಳಲಿಲ್ಲ. ನೀರು ಎರೆಯುವವರು ಬರುವುದೇ ಬೆಳಿಗ್ಗೆ, ಅವರನ್ನು ಬಿಡಿಸಿ ಅಜ್ಜಿಯ ಮನಸ್ಸು ನೋಯಿಸಿ ಸಿಗುವುದೇನು? ಸಂಜೆಗೆ ಬಿಸಿ ನೀರಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಏಳೂವರೆ ಸುಮಾರಿಗೆ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಲೈಟ್ ಕಮ್ಮಿ ಮಾಡುವುದು, ಹಾಲು, ತೇಗು, ಜೋಗುಳ. ಹೊತ್ತು ಅರ್ಧ ಗಂಟೆ ಹಿಂದೆ ಮುಂದೆ ಆಗಲಿ, ಈ ಸಾಲು ಮಾತ್ರ ದಿನಾ ಹೀಗೇ ಇರಲಿ. ಅಜ್ಜಿಗೆ ಒಳ್ಳೆಯ ಕಂಠವಿತ್ತು, ದಿನವಿಡೀ ಹಾಡುತ್ತಿದ್ದರು. ಒಂದು ಹಾಡನ್ನು ಮಾತ್ರ ರಾತ್ರಿಗೆ ಎತ್ತಿಡಿ ಎಂದೆ. ಈ ಕೆಲಸ ಅವರಿಗೆ ತುಂಬಾ ಹಿಡಿಸಿತು.

ಈ ವಯಸ್ಸಿನ ಮಗು ಒಂದು ಸಲಕ್ಕೆ ಒಂದು, ಒಂದೂವರೆ ಗಂಟೆ ಎಚ್ಚರ ಇದ್ದರೆ ದಣಿಯುತ್ತದೆ. ಆಕಳಿಕೆ, ಕಣ್ಣುಜ್ಜುವುದು, ನೋಟ ಬೇರೆ ಕಡೆ ತಿರುಗಿಸುವುದು ಕಂಡರೆ ಆಗಲೇ ಮಲಗಿಸಬೇಕು. ಅಳು ಶುರುವಾದ ಮೇಲೆ ಕಷ್ಟ. ಪೂರ್ತಿ ನಿದ್ದೆ ಹತ್ತುವ ಮುಂಚೆ, ಕಣ್ಣು ಮುಚ್ಚಿ ತೆರೆಯುತ್ತಿರುವಾಗಲೇ ಹಾಸಿಗೆಗೆ ಹಾಕಿ ನೋಡಿ, ಅತ್ತರೆ ಎತ್ತಿಕೊಳ್ಳಿ, ಅದರಲ್ಲಿ ಸೋಲು ಗೆಲುವು ಇಲ್ಲ ಎಂದೆ. ಇನ್ನೊಂದು ವಿಷಯ ಸುಮಾಗೆ ಹೊಸದಾಗಿತ್ತು. ಈ ಮಕ್ಕಳ ನಿದ್ದೆಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಗಡಿಬಿಡಿಯ ನಿದ್ದೆ. ಮುಲುಗುತ್ತವೆ, ಕೈಕಾಲು ಆಡಿಸುತ್ತವೆ, ನಗುತ್ತವೆ. ದೇವರು ನಗಿಸ್ತಾನೆ ಅಂತಾರಲ್ಲ, ಅದೇ ನಿದ್ದೆ. ಸುಮಾ ಪ್ರತಿ ಮುಲುಗಿಗೂ ಲೈಟ್ ಹಾಕಿ ಎತ್ತಿಕೊಳ್ಳುತ್ತಿದ್ದರು, ಅಂದರೆ ಮಲಗಿದ್ದ ಮಗುವನ್ನೇ ಎಬ್ಬಿಸುತ್ತಿದ್ದರು. ಒಂದು ನಿಮಿಷ ಸುಮ್ನೆ ನೋಡಿ, ಆಮೇಲೆ ಮುಟ್ಟಿ ಎಂದೆ.

ಅಜ್ಜಿಯ ಪದ್ಧತಿಗಳಲ್ಲಿ ಕೆಲವನ್ನು ಮಾತ್ರ ನಾನು ಒಪ್ಪಲಿಲ್ಲ. ತಲೆ ದುಂಡಗಾಗಲಿ ಎಂದು ಇಟ್ಟಿದ್ದ ಸಾಸಿವೆ ದಿಂಬು ತೆಗೆಯಬೇಕು. ಮಗು ಅಂಗಾತ ಮಲಗಬೇಕು, ಗಟ್ಟಿಯಾದ ಸಮತಟ್ಟು ಹಾಸಿಗೆ ಮೇಲೆ, ತಾಯಿಯ ಪಕ್ಕದಲ್ಲೇ ಬೇರೆ ಜಾಗದಲ್ಲಿ. ಸುತ್ತ ದಿಂಬು, ರಗ್ಗು, ಗೊಂಬೆ ಏನೂ ಬೇಡ. ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸಿ ಎಂದು ಪ್ರಚಾರ ಮಾಡಿದ ಮೇಲೆ ನಿದ್ದೆಯಲ್ಲೇ ಶಿಶುಗಳು ಹಠಾತ್ತಾಗಿ ಸಾಯುವುದು ಅರ್ಧದಷ್ಟು ಇಳಿಯಿತು. ಇದನ್ನು ಹೇಳಿದಾಗ ಅಜ್ಜಿ ಮರುಮಾತಾಡಲಿಲ್ಲ. ಜೋಲಿಯಲ್ಲಿ ಗಲ್ಲ ಎದೆಗೆ ಒತ್ತಿ ಉಸಿರಿಗೆ ತೊಂದರೆಯಾಗಬಹುದು. ಹಾಗಾಗಿ ಕಣ್ಣೆದುರು ಇರುವಾಗ ಸಮಾಧಾನ ಮಾಡಲು ಮಾತ್ರ ಜೋಲಿ, ರಾತ್ರಿ ನಿದ್ದೆಗಲ್ಲ. ಮಲಗುವಾಗ ಕುಲಾವಿ ತೆಗೆಯಿರಿ, ಕತ್ತಿನ ಹಿಂದೆ ಬೆವರಿದ್ದರೆ ಬಟ್ಟೆ ಜಾಸ್ತಿಯಾಗಿದೆ ಎಂದರ್ಥ. ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿ ಎರಡೂ ಬೇಡ, ಸೊಳ್ಳೆ ಪರದೆ ಕಟ್ಟಿ. ನಿದ್ದೆಗೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್ ಕೂಡದು. ಆರು ತಿಂಗಳವರೆಗೆ ತಾಯಿ ಹಾಲು, ವೈದ್ಯರು ಬರೆದ ವಿಟಮಿನ್ ಡಿ ಹನಿ, ಅಷ್ಟೇ. ಸಂಜೆ ಅಳುವಿಗೆ ದೃಷ್ಟಿ ತೆಗೆಯಬಹುದಾ ಎಂದು ಕೇಳಿದರು. ಧಾರಾಳವಾಗಿ ತೆಗೆಯಿರಿ, ಸುಡುವುದು ಮಾತ್ರ ಮನೆಯ ಹೊರಗೆ ಎಂದೆ. ಆ ಅಳು ಆರನೇ ವಾರದ ಸುತ್ತ ಜಾಸ್ತಿಯಾಗಿ ಮೂರು, ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ.

ಅಜ್ಜಿಯನ್ನು ಹೊರಗೆ ಕೂರಿಸಿ ಸುಮಾ ಅವರನ್ನು ಒಂದು ಪ್ರಶ್ನೆ ಕೇಳಿದೆ. "ಮಗು ಮಲಗಿದಾಗ ನಿಮಗೆ ನಿದ್ದೆ ಬರುತ್ತಾ?" ಬಾಣಂತಿಯರಿಗೆ ನಾನು ತಪ್ಪದೆ ಕೇಳುವ ಪ್ರಶ್ನೆ ಇದು. ಅವಕಾಶ ಸಿಕ್ಕರೂ ನಿದ್ದೆ ಬಾರದಿದ್ದರೆ ಅದು ಬರೀ ದಣಿವಲ್ಲ. ಸುಮಾ ಅತ್ತರು. ಉಸಿರಾಡುತ್ತಿದ್ದಾಳಾ ಎಂದು ಪದೇ ಪದೇ ಎದ್ದು ನೋಡುತ್ತಿದ್ದರಂತೆ. ಮಗುವಿಗಾಗಲೀ ತನಗಾಗಲೀ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿರಲಿಲ್ಲ, ಅದನ್ನೂ ನೇರವಾಗಿಯೇ ಕೇಳಿದೆ. ಆ್ಯಪ್ ತೆಗೆದುಹಾಕಲು ಹೇಳಿದೆ. ರಾತ್ರಿ ಎಂಟೂವರೆಗೆ ಊಟ ಮುಗಿಸಿ ಮಲಗಬೇಕು, ಮುಂದಿನ ಹಾಲಿನವರೆಗೆ ಮಗುವಿನ ಹೊಣೆ ಅಜ್ಜಿಯದು, ಗಂಡ ಬಂದ ದಿನ ಅವರದು ಎಂದು ಮೂವರ ನಡುವೆ ಮಾತಾಯಿತು. ಎರಡು ವಾರದಲ್ಲಿ ಮನಸ್ಸು ಹಗುರಾಗದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು, ನಡುರಾತ್ರಿ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ ಎಂದೂ ತಿಳಿಸಿದೆ.

ಮೂರು ವಾರದ ನಂತರ ಬಂದಾಗ ಮಗು ಸಂಜೆ ಎಂಟೂವರೆಗೆ ಮಲಗಿ ಹನ್ನೆರಡೂವರೆಗೆ ಏಳುತ್ತಿತ್ತು. ಆಮೇಲೆ ಎರಡು, ಮೂರು ಸಲ ಹಾಲಿಗೆ ಏಳುವುದು ಇದ್ದೇ ಇತ್ತು, ಆದರೆ ಕುಡಿದು ಮಲಗುತ್ತಿತ್ತು. ಇದರಲ್ಲಿ ಕಿಟಕಿಯ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಸುಮಾಗೆ ಮಲಗಿದ ಕೂಡಲೇ ನಿದ್ದೆ ಹತ್ತುತ್ತಿತ್ತು, ನನಗೆ ಅದು ಹೆಚ್ಚು ಸಮಾಧಾನ ತಂದಿತು. ನಾಲ್ಕನೇ ತಿಂಗಳ ಸುಮಾರಿಗೆ ನಿದ್ದೆ ಮತ್ತೆ ಕೆಡಬಹುದು, ಹೆದರಿ ಹೊಸದೇನೂ ಶುರು ಮಾಡಬೇಡಿ, ಇದೇ ಸಾಲು ಮುಂದುವರಿಸಿ ಎಂದೆ.

ಈಗ ಅವರ ಚಿಂತೆ ಬೇರೆ. ಐದನೇ ತಿಂಗಳಿಗೆ ಗಂಡನ ಮನೆಗೆ ಕಳಿಸುತ್ತಾರೆ, ಅಲ್ಲಿ ಊಟವೇ ಹತ್ತು ಗಂಟೆಗೆ. "ಏಳೂವರೆಗೆ ಲೈಟ್ ಆರಿಸಿ ಅಂತ ಅತ್ತೆಗೆ ನಾನು ಹೇಗೆ ಹೇಳ್ಲಿ ಮೇಡಂ?" ನೀವು ಹೇಳಬೇಡಿ ಎಂದೆ. ಹೋಗುವ ಮುಂಚೆ ಗಂಡ ತಮ್ಮ ತಾಯಿಗೆ ಹೇಳಲಿ, ಇಲ್ಲಿ ನಡೆಯುತ್ತಿರುವುದನ್ನು ಒಂದು ದಿನ ಅವರೂ ಬಂದು ನೋಡಲಿ. ಮುಂದಿನ ಭೇಟಿಗೆ ಗಂಡನನ್ನೂ ಕರೆದುಕೊಂಡು ಬರಲು ತಿಳಿಸಿದ್ದೇನೆ.