ಹಿತ್ತಲಿನಲ್ಲಿ ಮೊಲದ ಮರಿಗಳು ಕಂಡಿವೆ, ತಾಯಿ ಕಾಣುತ್ತಿಲ್ಲ, ಏನು ಮಾಡಬೇಕು?

ಮುಧೋಳದ ಸಮೀಪದ ನಿಮ್ಮ ತೋಟದ ಮನೆಯ ಹಿತ್ತಲಿನಲ್ಲಿ, ಕಣಕಿ ಬಣವೆಯ ಬುಡದ ಹುಲ್ಲಿನಲ್ಲಿ ಎರಡು ಮೊಲದ ಮರಿಗಳು ಬೆಳಗಿನಿಂದ ಅಲುಗಾಡದೆ ಕುಳಿತಿವೆ, ತಾಯಿ ಎಲ್ಲಿಯೂ ಕಾಣುತ್ತಿಲ್ಲ, ಮಕ್ಕಳು ಹಾಲು ಕುಡಿಸಿ ಸಾಕೋಣ ಎಂದು ಹಟ ಹಿಡಿದಿದ್ದಾರೆ ಎಂದು ಬರೆದಿದ್ದೀರಿ. ತುರ್ತಾಗಿ ಮಾಡಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮರಿಗಳನ್ನು ಇದ್ದಲ್ಲಿಯೇ ಬಿಡಿ, ನಾಯಿಯನ್ನು ಕಟ್ಟಿಹಾಕಿ, ಮಕ್ಕಳನ್ನು ಒಳಗೆ ಕರೆದುಕೊಳ್ಳಿ, ಕತ್ತಲಾಗುವವರೆಗೆ ಆ ಕಡೆ ಯಾರೂ ಸುಳಿಯದಂತೆ ನೋಡಿಕೊಳ್ಳಿ. ಹಗಲಿನಲ್ಲಿ ತಾಯಿ ಕಾಣದಿರುವುದು ಅದು ಮರಿಗಳನ್ನು ತೊರೆದು ಹೋಗಿದೆ ಎಂಬುದಕ್ಕೆ ಗುರುತಲ್ಲ.

ನಮ್ಮ ಹೊಲಗಳಲ್ಲಿರುವ ಕಾಡುಮೊಲ, ಕತ್ತಿನ ಹಿಂಭಾಗದಲ್ಲಿ ಕಪ್ಪು ಮಚ್ಚೆಯಿರುವ ಆ ಪ್ರಾಣಿ, ಪೇಟೆಯಲ್ಲಿ ಪಂಜರದಲ್ಲಿಟ್ಟು ಮಾರುವ ಬಿಳಿಯ ಸಾಕುಮೊಲದ ಜಾತಿಯದಲ್ಲ. ಸಾಕುಮೊಲದ ಮರಿ ಮೈಮೇಲೆ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ಅದಕ್ಕೆ ಬೆಚ್ಚನೆಯ ಗೂಡು ಬೇಕೇ ಬೇಕು. ಕಾಡುಮೊಲದ ಮರಿಯಾದರೋ ಮೈತುಂಬ ರೋಮ ಹೊತ್ತು, ಕಣ್ಣು ತೆರೆದುಕೊಂಡೇ ಭೂಮಿಗೆ ಬರುತ್ತದೆ. ತಾಯಿ ಬಿಲ ತೋಡುವುದಿಲ್ಲ, ಗೂಡು ಕಟ್ಟುವುದಿಲ್ಲ. ಹುಲ್ಲಿನ ಮರೆಯಲ್ಲಿ ಮೈಯೊತ್ತಿ ಕುಳಿತಾಗ ಉಂಟಾಗುವ ಸಣ್ಣ ತಗ್ಗೇ ಅದರ ಮನೆ. ಹಾಲು ಕುಡಿಸಿದ ಮೇಲೆ ತಾಯಿ ದೂರ ಹೋಗಿ ಬೇರೆಡೆ ಅಡಗುತ್ತದೆ. ಅದು ಹಗಲೆಲ್ಲ ಮರಿಗಳ ಪಕ್ಕದಲ್ಲಿದ್ದರೆ ಅದರ ವಾಸನೆ, ಅದರ ಓಡಾಟ ನರಿಗೆ, ಮುಂಗುಸಿಗೆ, ಬೆಕ್ಕಿಗೆ ದಾರಿ ತೋರಿಸಿದಂತಾಗುತ್ತದೆ. ನಾವು ನಿರ್ಲಕ್ಷ್ಯ ಎಂದು ತಿಳಿಯುವ ಈ ದೂರವೇ ಆ ತಾಯಿ ಮರಿಗಳಿಗೆ ಕಟ್ಟಿದ ಬೇಲಿ. ದಿನಕ್ಕೆ ಒಂದು ಬಾರಿ, ಹೆಚ್ಚೆಂದರೆ ಎರಡು ಬಾರಿ, ಅದೂ ಕತ್ತಲಲ್ಲಿ ಬಂದು ಕೆಲವೇ ನಿಮಿಷ ಹಾಲು ಕುಡಿಸಿ ಹೋಗುತ್ತದೆ. ಮೊಲದ ಹಾಲಿನಲ್ಲಿ ಆಕಳ ಹಾಲಿಗಿಂತ ಹಲವು ಪಟ್ಟು ಹೆಚ್ಚು ಕೊಬ್ಬು ಮತ್ತು ಪ್ರೋಟೀನು ಇರುವುದರಿಂದ ಅಷ್ಟೇ ಇಡೀ ದಿನಕ್ಕೆ ಸಾಕಾಗುತ್ತದೆ.

ಹಾಲು ಕುಡಿಸಬೇಡಿ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನಗೆ ಹನ್ನೆರಡು ವರ್ಷವಿದ್ದಾಗ, ಬೀಳಗಿ ಕಡೆಯ ನಮ್ಮ ಹೊಲದಲ್ಲಿ ಜೋಳ ಕೀಳುವ ಸಮಯದಲ್ಲಿ ಸಿವುಡುಗಳ ಪಕ್ಕ ಇಂಥದೇ ಒಂದು ಮರಿ ಸಿಕ್ಕಿತ್ತು. ಅಂಗಿಯ ಉಡಿಯಲ್ಲಿಟ್ಟುಕೊಂಡು ಮನೆಗೆ ತಂದೆ, ಅರಳೆಯ ಬತ್ತಿಯನ್ನು ಆಕಳ ಹಾಲಿನಲ್ಲಿ ಅದ್ದಿ ಬಾಯಿಗೆ ಹಿಡಿದೆ. ಮರಿ ಚೀಪಿತು, ನನಗೆ ಬಹಳ ಹಿಗ್ಗಾಯಿತು. ಎರಡನೆಯ ದಿನ ಅದರ ಹೊಟ್ಟೆ ತಮಟೆಯಂತೆ ಬಿಗಿಯಾಯಿತು, ಮೂರನೆಯ ದಿನ ಬೆಳಿಗ್ಗೆ ಬುಟ್ಟಿಯಲ್ಲಿ ತಣ್ಣಗೆ ಬಿದ್ದಿತ್ತು. ಆಕಳ ಹಾಲಿನಲ್ಲಿರುವ ಸಕ್ಕರೆ ಅಂಶ ಮೊಲದ ಹಾಲಿನದಕ್ಕಿಂತ ಬಹಳ ಹೆಚ್ಚು. ಮರಿಯ ಕರುಳಿಗೆ ಅದು ಒಗ್ಗದೆ ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ. ಹಾಲು ಉಸಿರಿನ ನಾಳಕ್ಕೆ ಇಳಿದು ಸಾಯುವ ಮರಿಗಳೂ ಉಂಟು. ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ನಮ್ಮ ಕಾಕಾ ಹೇಳಿದ ಮಾತು: "ನೀ ಮರಿ ತಗೊಂಡ ಬಂದ ರಾತ್ರಿ ಅದರ ತಾಯಿ ಅದೇ ಜಾಗಾದಾಗ ಸುತ್ತ ಹಾಕಾಕತ್ತಿತ್ತು. ಹೊಲಾ ಕಾಯಾಕ ಮಲಗಿದ್ದೆ, ಕಣ್ಣಾರೆ ನೋಡೀನಿ."

ಮೂರು ವರ್ಷದ ಹಿಂದೆ, ಮುಂಗಾರು ಮಳೆ ಬಿದ್ದು ಹುಲ್ಲು ಎದ್ದ ಮೇಲೆ, ನಮ್ಮ ಹಿತ್ತಲಿನ ಲಿಂಬೆ ಗಿಡದ ಬುಡದಲ್ಲಿ ಮತ್ತೆ ಎರಡು ಮರಿಗಳು ಕಂಡವು. ಈ ಬಾರಿ ಕೈ ಹಚ್ಚಲಿಲ್ಲ. ಹಿಂಬಾಗಿಲಿನ ದೀಪ ಆರಿಸಿ, ಮಾಳಿಗೆಯ ಮೇಲೆ ಉಸಿರು ಬಿಗಿಹಿಡಿದು ಕುಳಿತೆ. ಕತ್ತಲಾಗಿ ಅರ್ಧ ಗಂಟೆಯಾದ ಮೇಲೆ ಬದುವಿನ ಮೇಲೆ ಎರಡು ಕಿವಿಗಳು ಎದ್ದವು. ತಾಯಿ ನೇರವಾಗಿ ಬರಲಿಲ್ಲ. ಸ್ವಲ್ಪ ದೂರ ಬಂದು ನಿಂತಿತು, ಕಿವಿ ತಿರುಗಿಸಿತು, ಒಂದು ದೊಡ್ಡ ಜಿಗಿತದಿಂದ ಪಕ್ಕಕ್ಕೆ ಹಾರಿತು, ಮತ್ತೆ ನಿಂತಿತು. ಗಿಡದ ಬಳಿ ಬಂದು ಬೆನ್ನು ನೆಟ್ಟಗೆ ಮಾಡಿ ಕುಳಿತದ್ದೇ ತಡ, ಮರಿಗಳೆರಡೂ ಅದರ ಹೊಟ್ಟೆಯ ಕೆಳಗೆ ನುಗ್ಗಿದವು. ಮೂರ‍್ನಾಲ್ಕು ನಿಮಿಷ ಕಳೆದಿರಬಹುದು. ತಾಯಿ ಎದ್ದು ಹಾರಿ ಹೋಯಿತು, ಮರಿಗಳು ಮತ್ತೆ ಎರಡು ಮಣ್ಣಹೆಂಟೆಗಳಂತೆ ಸ್ತಬ್ಧವಾದವು.

ನಿಮಗೆ ಹಾಗೆ ಕಾಯಲು ಆಗದಿದ್ದರೆ, ಮರಿಗಳಿಂದ ನಾಲ್ಕೈದು ಹೆಜ್ಜೆ ದೂರದಲ್ಲಿ ಸಂಜೆ ನೆಲದ ಧೂಳನ್ನು ಕೈಯಿಂದ ಸಮ ಮಾಡಿಟ್ಟು ಬೆಳಿಗ್ಗೆ ನೋಡಿ. ಮುಂಗಾಲಿನ ಎರಡು ಸಣ್ಣ ಗುರುತುಗಳು ಒಂದರ ಹಿಂದೊಂದು, ಅವುಗಳ ಮುಂದೆ ಹಿಂಗಾಲಿನ ಎರಡು ಉದ್ದ ಗುರುತುಗಳು ಅಕ್ಕಪಕ್ಕ ಮೂಡಿದ್ದರೆ ತಾಯಿ ಬಂದು ಹೋಗಿದೆ. ಅಂತರಜಾಲದ ವಿಡಿಯೋಗಳಲ್ಲಿ ಗೂಡಿನ ಮೇಲೆ ದಾರಗಳನ್ನು ಅಡ್ಡಡ್ಡ ಹಾಸಿ ಪರೀಕ್ಷಿಸುವ ಉಪಾಯ ತೋರಿಸುತ್ತಾರೆ. ಅದು ಅಮೆರಿಕದಲ್ಲಿ ಹುಲ್ಲು ಮತ್ತು ರೋಮದಿಂದ ಗೂಡು ಮುಚ್ಚಿಡುವ ಬೇರೆ ಜಾತಿಯ ಮೊಲಕ್ಕೆ ಹೇಳಿದ್ದು. ನಮ್ಮ ಮೊಲಕ್ಕೆ ಗೂಡೇ ಇಲ್ಲ. ನಾಳೆ ಮರಿಗಳು ಬೇರೆ ಬೇರೆ ಕಡೆ ಕುಳಿತಿದ್ದರೂ ಗಾಬರಿಯಾಗಬೇಡಿ, ಹುಟ್ಟಿದ ಕೆಲವೇ ದಿನಗಳಲ್ಲಿ ಅವು ಹಾಗೆ ಚದುರಿ ಅಡಗುತ್ತವೆ.

ಮಕ್ಕಳು ಈಗಾಗಲೇ ಮುಟ್ಟಿದ್ದರೆ ಚಿಂತೆಯಿಲ್ಲ. ಮನುಷ್ಯರ ವಾಸನೆ ತಾಗಿದರೆ ತಾಯಿ ಮರಿಯನ್ನು ಸೇರಿಸಿಕೊಳ್ಳುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಎತ್ತಿಕೊಂಡಿದ್ದರೆ ಅದೇ ಜಾಗದಲ್ಲಿ ಇಟ್ಟು ಕೈ ತೊಳೆಯಲು ಹೇಳಿ. ನನಗೆ ಹೆಚ್ಚು ಆತಂಕವಿರುವುದು ನಿಮ್ಮ ನಾಯಿಯ ಬಗ್ಗೆ. ಮುಧೋಳ ತಳಿಯದು ಎಂದಿದ್ದೀರಿ. ಮೊಲದ ಬೆನ್ನಟ್ಟುವುದಕ್ಕೇ ಹೆಸರಾದ, ಕಣ್ಣಿನಿಂದ ಬೇಟೆ ಹುಡುಕುವ ತಳಿ ಅದು. ಮರಿ ಒಮ್ಮೆ ಅಲುಗಿದರೆ ಮುಗಿಯಿತು. ರಾತ್ರಿ ಬಿಚ್ಚಿಬಿಡುವ ರೂಢಿಯಿದ್ದರೆ ಕೆಲವು ದಿನ ಅದನ್ನು ನಿಲ್ಲಿಸಲೇಬೇಕು, ಏಕೆಂದರೆ ತಾಯಿ ಬರುವ ಹೊತ್ತೂ ಅದೇ. ಹಾಗೆಯೇ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುವ ವಿಚಾರವಿದ್ದರೆ ದಯವಿಟ್ಟು ಕೈಬಿಡಿ. ಅಪಾಯ ಬಂದಾಗ ಓಡದೆ ನೆಲಕ್ಕೆ ಅಂಟಿಕೊಳ್ಳುವುದು ಈ ಮರಿಗಳ ಹುಟ್ಟುಗುಣ. ನರಿಯಿಂದ ಅವುಗಳನ್ನು ಉಳಿಸುವ ಆ ಗುಣವೇ ಬೆಂಕಿಯಲ್ಲಿ ಅವುಗಳನ್ನು ಸುಡುತ್ತದೆ. ಮರಿಗಳು ಟ್ರ್ಯಾಕ್ಟರಿನ ದಾರಿಯಲ್ಲಿದ್ದು ಸರಿಸಲೇಬೇಕಾದರೆ, ಕೈಗೆ ಹುಲ್ಲು ಉಜ್ಜಿಕೊಂಡು, ಸಂಜೆಯ ಹೊತ್ತಿಗೆ ಕೆಲವೇ ಹೆಜ್ಜೆ ಪಕ್ಕದ ಮರೆಗೆ ಇಡಿ.

ಕೈ ಹಾಕಬೇಕಾದ ಸಂದರ್ಭಗಳೂ ಇವೆ. ತಾಯಿ ಸತ್ತಿರುವುದನ್ನು ನೀವೇ ಕಂಡಿದ್ದರೆ, ಮರಿಯ ಮೈ ತಣ್ಣಗಾಗಿ ಜೋತು ಬಿದ್ದಿದ್ದರೆ, ಇರುವೆ ಅಥವಾ ಹುಳ ಹತ್ತಿದ್ದರೆ, ನಾಯಿ ಅಥವಾ ಬೆಕ್ಕು ಕಚ್ಚಿದ್ದರೆ ಕಾಯುವಂತಿಲ್ಲ. ಬೆಕ್ಕಿನ ಹಲ್ಲಿನ ಗಾಯ ಕಣ್ಣಿಗೆ ಕಾಣದಷ್ಟು ಸಣ್ಣದಿದ್ದರೂ ಒಳಗೆ ನಂಜೇರುತ್ತದೆ. ರಟ್ಟಿನ ಡಬ್ಬಿಗೆ ತೂತು ಮಾಡಿ, ಹಳೆಯ ಮೆತ್ತನೆಯ ಬಟ್ಟೆ ಹಾಸಿ, ಮರಿಯನ್ನು ಕತ್ತಲಲ್ಲಿ, ಸದ್ದಿಲ್ಲದಲ್ಲಿ ಬೆಚ್ಚಗೆ ಇಟ್ಟು, ಏನನ್ನೂ ತಿನ್ನಿಸದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ; ಹತ್ತಿರದ ಪಶುವೈದ್ಯರಿಗೂ ತೋರಿಸಿ. ಸಾಕುವ ಮಾತಿಗೆ ಬಂದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ಕಾಡುಮೊಲವನ್ನು ಪ್ರೀತಿಯಿಂದ ಸಾಕಿದರೂ ಅದು ಅಪರಾಧವಾಗುತ್ತದೆ.

ಮರಿಗಳು ಎರಡು ವಾರ ದಾಟಿದರೆ ಚಿಗುರು ಹುಲ್ಲು ಕಡಿಯತೊಡಗುತ್ತವೆ, ಸುಮಾರು ತಿಂಗಳಿಗೆ ಹಾಲು ಬಿಡುತ್ತವೆ. ಅಲ್ಲಿಯವರೆಗೆ ದನಗಳಿಗೆ ಕಣಕಿ ಹಾಕುವಾಗ ಬಣವೆಯ ಇನ್ನೊಂದು ತುದಿಯಿಂದ ಎಳೆದುಕೊಳ್ಳಿ, ಮರಿಗಳಿರುವ ಕಡೆಯ ಹುಲ್ಲನ್ನು ಕೊಯ್ಯಬೇಡಿ.