ಮುರಿದ ಮೊಣಕೈಗೆ ಎಣ್ಣೆ ಹಚ್ಚಿ ತಿಕ್ಕಬೇಡಿ

ಮಕ್ಕಳ ಮೂಳೆ ನೋಡುವ ಕೆಲಸಕ್ಕೆ ಬಂದು 18 ವರ್ಷ ಆಯಿತು. ಬೇಸಿಗೆ ರಜೆ ಶುರುವಾದರೆ ಯಾವ ಪ್ರಶ್ನೆ ಬರುತ್ತದೆ ಅಂತ ನನಗೆ ಮೊದಲೇ ಗೊತ್ತು. ಬೀಳುವ ಜಾಗ ಬೇರೆ ಬೇರೆ. ಮಾವಿನ ಮರ, ಮನೆ ಮುಂದಿನ ಕಟ್ಟೆ, ಪಾರ್ಕಿನ ಜಾರುಬಂಡೆ, ಅಣ್ಣನ ಸೈಕಲ್ಲು. ಆದರೆ 5ರಿಂದ 8 ವರ್ಷದ ಮಕ್ಕಳಲ್ಲಿ ಆಪರೇಷನ್ ತನಕ ಹೋಗುವುದು ಹೆಚ್ಚಾಗಿ ಮೊಣಕೈಯೇ. ಪ್ಲಾಸ್ಟರ್ ಬಿಚ್ಚಿದ ಮೇಲೆ ಅಮ್ಮಂದಿರು ಕೇಳುವುದೂ ಅದೇ ಒಂದು ಪ್ರಶ್ನೆ: ಕೈ ನೇರ ಆಗುತ್ತಿಲ್ಲ, ಏನು ಮಾಡಲಿ? ಈ ಸಲವೂ ಅದೇ ಜಾಸ್ತಿ ಬಂದಿದೆ, ಹಾಗಾಗಿ ಅದಕ್ಕೇ ಜಾಗ ಜಾಸ್ತಿ. ಬಿದ್ದರೆ ಎಕ್ಸ್‌ರೇ ಮಾಡಿಸಿ, ಹೇಳಿದ ದಿನ ತೋರಿಸಲು ಬನ್ನಿ ಅಂತೆಲ್ಲ ಹೇಳುತ್ತಾ ಕೂರುವುದಿಲ್ಲ, ಅದು ನಿಮಗೆ ಗೊತ್ತು.

ಪ್ರಶ್ನೆ: ಮೂಳೆ ಮುರಿದಾಗ ಬದನೆಕಾಯಿ, ಕುಂಬಳಕಾಯಿ ನಂಜು ಅಂತಾರೆ. ಎಷ್ಟು ದಿನ ಕೊಡಬಾರದು?

ಒಂದು ದಿನವೂ ಬಿಡಬೇಕಿಲ್ಲ. ನಾಳೆಯೇ ಬದನೆಕಾಯಿ ಎಣ್ಣೆಗಾಯಿ ಮಾಡಿ ಕೊಡಿ.

ಪ್ರಶ್ನೆ: ನನ್ನ ಮಗನಿಗೆ 6 ವರ್ಷ. ಜಾರುಬಂಡೆಯಿಂದ ಬಿದ್ದು ಎಡ ಮೊಣಕೈ ಮುರಿದಿತ್ತು. ಆಪರೇಷನ್ ಮಾಡಿ ಎರಡು ತಂತಿ ಹಾಕಿದ್ದರು. 4 ವಾರಕ್ಕೆ ತಂತಿ ತೆಗೆದು ಪ್ಲಾಸ್ಟರ್ ಬಿಚ್ಚಿದರು. ಬಿಚ್ಚಿ 10 ದಿನ ಆಯಿತು, ಕೈ ನೇರ ಆಗುತ್ತಲೇ ಇಲ್ಲ. ಮುಟ್ಟಲು ಹೋದರೆ ಅಳುತ್ತಾನೆ. ಅತ್ತೆ ದಿನಾ ಎಣ್ಣೆ ಕಾಯಿಸಿ ತಿಕ್ಕೋಣ ಅಂತಾರೆ. ಪಕ್ಕದ ಮನೆಯವರು ಸಣ್ಣ ಬಕೆಟ್‌ಗೆ ಮರಳು ತುಂಬಿ ಹಿಡಿಸಿ ಅಂದರು. ನಮ್ಮ ಕಡೆ ಕೈ ಎಳೆದು ಸರಿ ಮಾಡುವವರೂ ಒಬ್ಬರು ಇದ್ದಾರೆ. ಏನು ಮಾಡಲಿ?

ಈ ಮೂರರಲ್ಲಿ ಒಂದನ್ನೂ ಮಾಡಬೇಡಿ. ಇವತ್ತಿನಿಂದ ಆ ಕೈಯನ್ನು ನೀವಾಗಲಿ, ಅತ್ತೆಯಾಗಲಿ, ಬೇರೆ ಯಾರೇ ಆಗಲಿ ಹಿಡಿದು ಬಗ್ಗಿಸುವುದು, ಎಳೆಯುವುದು, ತಿಕ್ಕುವುದು ಬೇಡ.

ಯಾಕೆ ಅಂತ ಹೇಳುತ್ತೇನೆ. ತೋಳಿನ ಮೂಳೆ ಮೊಣಕೈ ಹತ್ತಿರ ಬರುವಾಗ ಚಪ್ಪಟೆಯಾಗಿ ತೆಳ್ಳಗಾಗುತ್ತದೆ. ಮಗು ಅಂಗೈ ಊರಿಕೊಂಡು ಬಿದ್ದಾಗ ಅಲ್ಲೇ ಮುರಿಯುತ್ತದೆ. ಆ ಜಾಗದಲ್ಲಿ ಮೂಳೆಗೆ ಅಂಟಿಕೊಂಡ ಹಾಗೆ ಮುಂದೆಯೇ ಒಂದು ದಪ್ಪ ಸ್ನಾಯು ಇದೆ. ಮುರಿದ ಮೂಳೆಯ ಚೂಪು ಅದಕ್ಕೂ ತಾಗಿರುತ್ತದೆ, ಒಳಗೆ ರಕ್ತ ಕಟ್ಟಿರುತ್ತದೆ. ಮಕ್ಕಳ ಮೂಳೆ 3-4 ವಾರದಲ್ಲಿ ಕೂಡಿಕೊಂಡುಬಿಡುತ್ತದೆ, ಅದಕ್ಕೇ ಅಷ್ಟು ಬೇಗ ತಂತಿ ತೆಗೆಯುವುದು. ಆದರೆ ಸ್ನಾಯು ಇನ್ನೂ ಹಸಿಯಾಗಿರುತ್ತದೆ. ಅದನ್ನು ದಿನಾ ತಿಕ್ಕಿದರೆ, ಬಲವಂತವಾಗಿ ಎಳೆದರೆ, ಒಳಗೆ ಮತ್ತೆ ಮತ್ತೆ ರಕ್ತ ಒಸರುತ್ತದೆ. ಆಮೇಲೆ ಸ್ನಾಯುವಿನ ಒಳಗೇ ಮೂಳೆ ಬೆಳೆಯಲು ಶುರುವಾಗಬಹುದು. ಇದಕ್ಕೆ ನಾವು ಮಯೋಸೈಟಿಸ್ ಆಸಿಫಿಕನ್ಸ್ ಅನ್ನುತ್ತೇವೆ. ಹೆಸರು ನೆನಪಿಡಬೇಕಿಲ್ಲ. ಮೆತ್ತಗೆ ಹಿಗ್ಗಬೇಕಾದ ಜಾಗದಲ್ಲಿ ಕಲ್ಲಿನಂಥ ಗಂಟು ಕೂರುತ್ತದೆ ಅನ್ನುವುದು ನೆನಪಿರಲಿ, ಸಾಕು.

ಒಂದು ಎಕ್ಸ್‌ರೇ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. 7 ವರ್ಷದ ಹುಡುಗಿ. ಮುರಿತ ಚೆನ್ನಾಗಿ ಕೂಡಿತ್ತು, ಒಂದು ಎಳೆಯೂ ಆಚೀಚೆ ಇರಲಿಲ್ಲ. ಆದರೆ ಮೊಣಕೈ ಮುಂದೆ, ಏನೂ ಇರಬಾರದ ಕಡೆ, ಹತ್ತಿ ಹಿಂಜಿ ಇಟ್ಟ ಹಾಗೆ ಬೆಳ್ಳಗೆ ಒಂದು ಮೋಡ. ಮೂರು ವಾರ ಬೆಳಿಗ್ಗೆ ಸಂಜೆ ತಿಕ್ಕಿದ್ದರು. ಮಗು ಕಿರುಚುವಾಗ ಅಪ್ಪ ಕಾಲು ಹಿಡಿದುಕೊಂಡಿದ್ದರಂತೆ, ಹೇಳುವಾಗ ಅವರೇ ಅತ್ತುಬಿಟ್ಟರು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೆ ಆ ಮಗು ತನ್ನ ಕೈಯಿಂದ ತಾನೇ ಜಡೆ ಮುಟ್ಟಲು ಒಂದು ವರ್ಷದ ಮೇಲೆ ಹಿಡಿಯಿತು.

ಬಕೆಟ್ ವಿಷಯವೂ ಇಷ್ಟೇ. ಭಾರ ತೂಗಿಸಿದರೆ ಕೈ ನೇರ ಆಗುತ್ತದೆ ಅನ್ನುವುದು ಹೊರಗಿನಿಂದ ನೋಡಿದರೆ ಸರಿ ಅನಿಸುತ್ತದೆ. ಮಗುವಿಗೆ ನೋವಾಗುತ್ತದೆ, ನೋವಾದ ತಕ್ಷಣ ಅದು ಸ್ನಾಯುವನ್ನು ಬಿಗಿ ಹಿಡಿಯುತ್ತದೆ. ನೀವು ಎಷ್ಟು ಎಳೆಯುತ್ತೀರೋ ಒಳಗಿನಿಂದ ಅಷ್ಟೇ ವಾಪಸ್ ಎಳೆಯುತ್ತದೆ. ಜೊತೆಗೆ ಆ ಕೈ ಎಂದರೇ ಹೆದರಿಕೆ ಹುಟ್ಟುತ್ತದೆ. ಹೆದರಿದ ಮಗು ಕೈಯನ್ನು ಹೊಟ್ಟೆಗೆ ಅಂಟಿಸಿಕೊಂಡು ಕೂರುತ್ತದೆ, ಇನ್ನೂ ಬಿಗಿಯಾಗುತ್ತದೆ.

ಇನ್ನು 10 ದಿನಕ್ಕೆ ನೇರ ಆಗಿಲ್ಲ ಅನ್ನುವುದು. ಆಗುವುದೇ ಇಲ್ಲ! 4 ವಾರ ಮಡಚಿಕೊಂಡೇ ಇದ್ದ ಕೈ ಅದು. ಸಾಮಾನ್ಯವಾಗಿ ಪೆಟ್ಟಾಗಿ 6-8 ವಾರ ಆಗುವ ಹೊತ್ತಿಗೆ ಮುಕ್ಕಾಲು ಪಾಲು ಚಲನೆ ಬರುತ್ತದೆ. 6 ತಿಂಗಳಿಗೆ ಬಹುಪಾಲು ಬಂದಿರುತ್ತದೆ. ಕೊನೆಯ ಸ್ವಲ್ಪ, ಅಂದರೆ ಪೂರ್ತಿ ನೇರ ಮಾಡುವ ಆ ಕೊನೆಯ 10-15 ಡಿಗ್ರಿ, ಕೆಲವು ಮಕ್ಕಳಲ್ಲಿ ಒಂದು ವರ್ಷದ ತನಕ ನಿಧಾನವಾಗಿ ಬರುತ್ತಲೇ ಇರುತ್ತದೆ. ಬೇರೆ ತೊಂದರೆ ಇಲ್ಲದ ಮುರಿತಕ್ಕೆ ಫಿಸಿಯೋಥೆರಪಿ ಕೂಡ ಹೆಚ್ಚಿನ ಮಕ್ಕಳಿಗೆ ಬೇಕಾಗುವುದಿಲ್ಲ. ದೊಡ್ಡವರ ಮೊಣಕೈ ಬೇರೆ, ಮಕ್ಕಳದ್ದು ಬೇರೆ. ನಿಮ್ಮ ಭಾವನಿಗೆ ಬೈಕಿನಿಂದ ಬಿದ್ದಾಗ ಏನು ಮಾಡಿದರು ಅನ್ನುವುದನ್ನು ಇಲ್ಲಿಗೆ ತರಬೇಡಿ.

ಹಾಗಾದರೆ ಸುಮ್ನೆ ಕೂರಬೇಕಾ? ನೀವು ಸುಮ್ನೆ ಇರಬೇಕು, ಮಗು ಸುಮ್ನೆ ಇರಬಾರದು. ಕೈ ಬಗ್ಗಿಸುವುದು, ಚಾಚುವುದು ಎರಡನ್ನೂ ಅವನೇ ಮಾಡಬೇಕು, ಆಟದ ಗುಂಗಿನಲ್ಲಿ, ಗೊತ್ತಿಲ್ಲದ ಹಾಗೆ. ಅವನ ಊಟ ಅವನೇ ಮಾಡಲಿ. ಬಲಗೈಯಲ್ಲಿ ಉಣ್ಣುವ ಹುಡುಗ, ಪೆಟ್ಟಾದದ್ದು ಎಡಗೈಗೆ, ಹಾಗಾಗಿ ಕಡಲೆಪುರಿ, ದ್ರಾಕ್ಷಿ ತಟ್ಟೆಯನ್ನು ಅವನ ಎಡಕ್ಕೆ ಇಡಿ. ಸ್ನಾನಕ್ಕೆ ಬೆಚ್ಚಗಿನ ನೀರು ತುಂಬಿಸಿ ಚಿಕ್ಕ ಲೋಟ ಕೊಡಿ, ತಾನೇ ತಲೆಗೆ ಹೊಯ್ದುಕೊಳ್ಳಲಿ. ಚಪಾತಿ ಮಾಡುವಾಗ ಒಂದು ಉಂಡೆ ಹಿಟ್ಟು ಮತ್ತು ಲಟ್ಟಣಿಗೆ ಅವನ ಮುಂದೆ ಹಾಕಿ. ಲಟ್ಟಿಸುವಾಗ ಎರಡೂ ಕೈ ಮುಂದೆ ಹೋಗಲೇಬೇಕು, ಹಿಂದೆ ಬರಲೇಬೇಕು, ಇದಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ಗೊತ್ತಿಲ್ಲ. ಗೋಡೆಗೆ ಹಳೆಯ ಕ್ಯಾಲೆಂಡರ್ ತಿರುಗಿಸಿ ಅಂಟಿಸಿ ಬಣ್ಣ ಬಳಿಯಲು ಬಿಡಿ, ವಾರ ವಾರ ಒಂದು ಗೇಣು ಮೇಲಕ್ಕೆ ಅಂಟಿಸಿ.

ನನ್ನ ರೂಮಿಗೆ ಬರುವ ಮಕ್ಕಳು ಮೊದಲು ಅಮ್ಮನ ಸೆರಗು ಬಿಡುವುದಿಲ್ಲ. ಕೈ ತೋರಿಸು ಅಂದರೆ ಮುಗಿಯಿತು. ಅದಕ್ಕೆ ನಾನು ಕೈ ವಿಷಯವೇ ಎತ್ತುವುದಿಲ್ಲ. ಒಳ್ಳೆಯ ಕೈಗೆ ಒಂದು ಪೆನ್ನು ಹಿಡಿಸಿ, ಆ ಕಡೆ ಇರುವ ಸ್ಟಿಕರ್ ಹಾಳೆಯನ್ನು ಮೇಜಿನ ಅಂಚಿಗೆ ತಳ್ಳುತ್ತೇನೆ. ಒಂದು ನಿಮಿಷ ನೋಡುತ್ತದೆ. ಆಮೇಲೆ ಪೆಟ್ಟಾದ ಕೈ ಮೆಲ್ಲಗೆ ಹೊರಗೆ ಬರುತ್ತದೆ, ಚಾಚುತ್ತದೆ, ಬೆರಳ ತುದಿ ಸ್ಟಿಕರ್‌ಗೆ ತಾಗುತ್ತದೆ. ಪಕ್ಕದಲ್ಲಿ ಅಮ್ಮ, 'ಮನೇಲಿ ಇಷ್ಟು ಚಾಚಿರಲೇ ಇಲ್ಲ ಡಾಕ್ಟ್ರೇ' ಅನ್ನುತ್ತಾರೆ. ಮನೆಯಲ್ಲಿ ನಾಲ್ಕು ಜನ ಸುತ್ತ ನಿಂತು 'ನೇರ ಮಾಡು, ಇನ್ನೂ ಮಾಡು' ಅನ್ನುತ್ತಿದ್ದರೆ ಯಾವ ಮಗು ಚಾಚೀತು? ದಿನಾ ಅಳೆಯಬೇಡಿ. ಎರಡು ವಾರಕ್ಕೊಮ್ಮೆ ಎರಡೂ ಕೈ ಮುಂದೆ ಚಾಚಿಸಿ ಪಕ್ಕದಿಂದ ಒಂದು ಫೋಟೋ ತೆಗೆದುಕೊಳ್ಳಿ, ಹಿಂದಿನ ಫೋಟೋ ಜೊತೆ ಇಟ್ಟು ನೋಡಿ.

ಅತ್ತೆಯವರ ಜೊತೆ ಜಗಳ ಬೇಡ. ಮೊಮ್ಮಗನ ಕೈ ನೋಡಿ ಅವರಿಗೂ ಸಂಕಟ ಆಗಿರುತ್ತದೆ, ಏನಾದರೂ ಮಾಡಬೇಕು ಅನಿಸುತ್ತದೆ. ಕೆಲಸ ಕೊಡಿ. ಲಟ್ಟಣಿಗೆ ಆಟ ಅವರದ್ದೇ ಇರಲಿ. ಚೌಕಾಬಾರ ಬರುತ್ತಿದ್ದರೆ ಇನ್ನೂ ಒಳ್ಳೆಯದು, ಕವಡೆಯನ್ನು ಎಡಗೈಯಲ್ಲೇ ಎಸೆಯಬೇಕು ಅಂತ ಅಜ್ಜಿಯೇ ಕಟ್ಟು ಮಾಡಲಿ. ಎಣ್ಣೆ ಹಚ್ಚಲೇಬೇಕು ಅಂದರೆ ಬೆನ್ನಿಗೆ, ಕಾಲಿಗೆ ಹಚ್ಚಲಿ. ಮೊಣಕೈಯಿಂದ ಒಂದು ಗೇಣು ದೂರ.

ಜೋಕಾಲಿ, ಮರ ಹತ್ತುವುದು, ಸೈಕಲ್ಲು ಇನ್ನೂ ಬೇಡ. ನಿಮ್ಮ ಡಾಕ್ಟರ್ ಹೇಳುವ ತನಕ ಕಾಯಿರಿ. ನಾನಂತೂ ತಂತಿ ತೆಗೆದ ಮೇಲೆ 6 ವಾರ ಬಿಡುವುದಿಲ್ಲ. ಈ ವಿಷಯದಲ್ಲಿ ನನ್ನದು ಸ್ವಲ್ಪ ಜಾಸ್ತಿಯೇ ಎಚ್ಚರಿಕೆ, ಇರಲಿ. ಅದೇ ಕೈ ಎರಡನೇ ಸಲ ಮುರಿದುಕೊಂಡು ಬಂದವರನ್ನು ನೋಡಿದ್ದೇನೆ.

ಕಾಯದೆ ಬರಬೇಕಾದದ್ದು ಯಾವಾಗ? ಬಂದಿದ್ದ ಚಲನೆ ಕಡಿಮೆಯಾಗುತ್ತಾ ಹೋದರೆ. ಮೊಣಕೈ ಬಿಸಿಯಾಗಿ ಊದಿದರೆ, ತಂತಿ ತೆಗೆದ ಜಾಗದಲ್ಲಿ ಕೀವು ಬಂದರೆ, ಜ್ವರ ಬಂದರೆ. ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಗುಂಡಗೆ ಉಂಗುರ ಮಾಡಲು ಆಗದಿದ್ದರೆ, ಅದು ನರದ ವಿಷಯ, ಡಾಕ್ಟರ್‌ಗೆ ಹೇಳಿ. ಹೆಚ್ಚಿನವು ಕೆಲವು ತಿಂಗಳಲ್ಲಿ ತಾವೇ ಸರಿಹೋಗುತ್ತವೆ, ಆದರೆ ಗೊತ್ತಿರಬೇಕು. ಇನ್ನೊಂದು, ಕೈ ಕೆಳಗೆ ಬಿಟ್ಟಾಗ ಮೊಣಕೈ ಹೊರಕ್ಕೂ ಮುಂಗೈ ಒಳಕ್ಕೂ ಬಾಗಿದ ಹಾಗೆ ಕಂಡರೆ ಅದು ಬಿಗಿತ ಅಲ್ಲ, ಮೂಳೆ ಸೊಟ್ಟ ಕೂಡಿದೆ. ಅದು ಬೆಳೆಯುತ್ತಾ ಸರಿಹೋಗುವುದಿಲ್ಲ. ತೋಳಿನ ಮೂಳೆ ಉದ್ದ ಬೆಳೆಯುವುದು ಶೇ 80ರಷ್ಟು ಭುಜದ ಕಡೆ, ಮೊಣಕೈ ಕಡೆ ಬರೀ ಶೇ 20. ಸರಿ ಮಾಡಲು ಆಪರೇಷನ್ ಇದೆ, ಅವಸರ ಇಲ್ಲ. ಎಳೆದರೆ ಮಾತ್ರ ಸರಿಯಾಗದು.

ಈಗ ಆ ಎಳೆಯುವವರ ಬಗ್ಗೆ. ಬಿದಿರು ದಬ್ಬೆ ಇಟ್ಟು, ಮೊಟ್ಟೆಯ ಬಿಳಿ ಬಳಿದು ಬಿಗಿಯಾಗಿ ಕಟ್ಟುವವರ ಬಗ್ಗೆಯೂ ಸೇರಿಸಿ ಹೇಳುತ್ತೇನೆ. ನನಗೆ ಸಿಟ್ಟು ಬರುವುದು ಸೊಪ್ಪಿನ ಮೇಲೆ ಅಲ್ಲ, ಬಿಗಿಯ ಮೇಲೆ. 'ಬಿಗಿ ಕಟ್ಟಿದಷ್ಟು ಬೇಗ ಕೂಡುತ್ತೆ' ಅನ್ನುವುದು ಸುಳ್ಳು. ಪೆಟ್ಟಾದ ಕೈ ಮೊದಲ ಎರಡು ದಿನ ಊದುತ್ತಲೇ ಇರುತ್ತದೆ. ಊತಕ್ಕೆ ಜಾಗ ಇಲ್ಲದಿದ್ದರೆ ಒಳಗೆ ರಕ್ತ ಓಡುವುದು ನಿಲ್ಲುತ್ತದೆ. 6 ಗಂಟೆ ಹಾಗೇ ಬಿಟ್ಟರೆ ಸ್ನಾಯು ಸಾಯಲು ಶುರುವಾಗುತ್ತದೆ, ಬೆರಳುಗಳು ಪಕ್ಷಿಯ ಉಗುರಿನ ಹಾಗೆ ಮಡಚಿಕೊಂಡು ಜೀವಮಾನವಿಡೀ ಹಾಗೇ ಉಳಿಯುತ್ತವೆ. ಜರ್ಮನಿಯ ಸರ್ಜನ್ ರಿಚರ್ಡ್ ಫಾನ್ ಫೋಲ್ಕ್‌ಮಾನ್ ಬಿಗಿ ಕಟ್ಟಿದ ಕೈಗಳಲ್ಲಿ ಇದನ್ನು ನೋಡಿ 1881ರಲ್ಲೇ ಬರೆದಿಟ್ಟಿದ್ದಾರೆ. ಆಸ್ಪತ್ರೆಯ ಪ್ಲಾಸ್ಟರ್‌ನಲ್ಲೂ ಆಗಬಹುದು, ಹಾಗಾಗಿ ಇದು ಎಲ್ಲರಿಗೂ. ಔಷಧಿ ಕೊಟ್ಟರೂ ನೋವು ಏರುತ್ತಿದ್ದರೆ, ಮಗು ಸಮಾಧಾನವೇ ಇಲ್ಲದೆ ಹೊರಳಾಡುತ್ತಿದ್ದರೆ, ಮಡಚಿದ ಬೆರಳನ್ನು ನೀವು ಮೆಲ್ಲಗೆ ಬಿಡಿಸಿದಾಗ ಚೀರಿದರೆ, ರಾತ್ರಿ 2 ಗಂಟೆ ಆಗಿದ್ದರೂ ಹೊರಡಿ. ಬೆಳಗಾಗಲಿ ಅನ್ನಬೇಡಿ. ಬೆರಳು ತಣ್ಣಗಾಗಲಿ, ನೀಲಿಯಾಗಲಿ ಅಂತ ಕಾಯಬೇಡಿ, ಅಷ್ಟರಲ್ಲಿ ತಡವಾಗಿರುತ್ತದೆ.

ಪ್ರಶ್ನೆ: ಎರಡೂವರೆ ವರ್ಷದ ಮಗಳನ್ನು ರಸ್ತೆ ದಾಟುವಾಗ ಕೈ ಹಿಡಿದು ಎಳೆದೆ. ಆಮೇಲೆ ಕೈ ಎತ್ತಲೇ ಇಲ್ಲ. ನಮ್ಮೂರಿನ ನಾಟಿ ವೈದ್ಯರು ಒಂದೇ ಸಲ ತಿರುಗಿಸಿ ಸರಿ ಮಾಡಿದರು. ನೀವು ಅವರನ್ನು ಯಾಕೆ ಬೈಯುತ್ತೀರಿ?

ನಿಮ್ಮ ಮಗಳಿಗೆ ಆಗಿದ್ದು ಮುರಿತ ಅಲ್ಲ. ಮೊಣಕೈ ಒಳಗೆ ಮೂಳೆಯ ತಲೆಯನ್ನು ಬಳೆಯ ಹಾಗೆ ಸುತ್ತಿಕೊಂಡಿರುವ ಒಂದು ಪಟ್ಟಿ ಇದೆ. ಕೈ ಹಿಡಿದು ಜಗ್ಗಿದಾಗ ಅದು ಜಾರಿ ಸಿಕ್ಕಿಕೊಳ್ಳುತ್ತದೆ. 1ರಿಂದ 4 ವರ್ಷದವರಲ್ಲಿ ದಿನಾ ನೋಡುವಂಥದ್ದು. ಮುಂಗೈ ತಿರುಗಿಸಿ ಮಡಚಿದರೆ 'ಟಕ್' ಅಂತ ಕೂರುತ್ತದೆ, 10 ನಿಮಿಷದಲ್ಲಿ ಮಗು ಆಡುತ್ತದೆ. ಎಷ್ಟೋ ಸಲ ಅಂಗಿ ತೊಡಿಸುವಾಗ ತಾನೇ ಕೂರುತ್ತದೆ. ಇದಕ್ಕೂ, ಏನು ಮಾಡಿದರೂ ಕೂಡಿಕೊಳ್ಳುವ ಮಕ್ಕಳ ಮುಂಗೈಯ ಸಣ್ಣ ಮುರಿತಕ್ಕೂ ಅವರಿಗೆ ಹೆಸರು ಬಂದಿದೆ. ಆ ಹೆಸರು ನಂಬಿ ಜನ ಮುರಿದ ಮೊಣಕೈಯನ್ನೂ ತೆಗೆದುಕೊಂಡು ಹೋಗುತ್ತಾರೆ. ಮುರಿದ ಮೊಣಕೈಯನ್ನು ಹಾಗೆ ತಿರುಗಿಸಿದರೆ ರಕ್ತನಾಳ ಹರಿಯಬಹುದು. ಅದಕ್ಕೇ ಬೈಯುವುದು. ನಿಮ್ಮ ತಪ್ಪು ಅಂತ ಅಳಬೇಡಿ, ಆದರೆ 5 ವರ್ಷದ ತನಕ ಮತ್ತೆ ಆಗಬಹುದು. ಎತ್ತುವಾಗ ಕಂಕುಳಿಗೆ ಕೈ ಹಾಕಿ ಎತ್ತಿ. ಎರಡು ಕೈ ಹಿಡಿದು ಗಿರಗಿರ ತಿರುಗಿಸುವ ಆಟ ಮನೆಯಲ್ಲಿ ಯಾರಿಗೂ ಬೇಡ.

ಪ್ರಶ್ನೆ: ಪ್ಲಾಸ್ಟರ್ ಒಳಗೆ ತುರಿಕೆ. ಸ್ವೆಟರ್ ಕಡ್ಡಿ ತೂರಿಸಿ ಕೆರೆಯಬಹುದಾ?

ಬೇಡ. ಗಾಯವಾಗಿ ಒಳಗೇ ಕೀವಾಗುತ್ತದೆ. ಫ್ಯಾನ್ ಮುಂದೆ ಕೂರಿಸಿ, ಪ್ಲಾಸ್ಟರ್ ಮೇಲೆ ಮೆಲ್ಲಗೆ ತಟ್ಟಿ.

ಪ್ರಶ್ನೆ: ಮೂಳೆ ಬೇಗ ಕೂಡಲು ಯಾವ ಪುಡಿ ಕೊಡಲಿ, ಕಾಲು ಸೂಪ್ ಕೊಡಲಾ?

ಪುಡಿ ಬೇಡ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಹಾಲು, ಮೊಸರು, ಬೇಳೆ, ತಿನ್ನುವವರಾದರೆ ಮೊಟ್ಟೆ, ಇಷ್ಟು ಸಾಕು. ಸೂಪ್ ಇಷ್ಟವಾದರೆ ಕುಡಿಯಲಿ, ಮೂಳೆಗಾಗಿ ಕುಡಿಸಬೇಡಿ.

ಪ್ರಶ್ನೆ: 8 ತಿಂಗಳ ಮಗುವಿಗೆ ಬೇಗ ನಡೆಯಲು ಯಾವ ವಾಕರ್ ಒಳ್ಳೆಯದು?

ಯಾವುದೂ ಅಲ್ಲ. ಕೆನಡಾ 2004ರಲ್ಲೇ ಮಾರಾಟ ನಿಷೇಧಿಸಿದೆ. ಮೆಟ್ಟಿಲಿನಿಂದ ವಾಕರ್ ಸಮೇತ ಉರುಳಿದ ಮಕ್ಕಳ ತಲೆ ಪೆಟ್ಟು ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ. ನೆಲಕ್ಕೆ ಬಿಡಿ.

ಪ್ರಶ್ನೆ: ಪ್ಲಾಸ್ಟರ್ ಇರುವಾಗ ಶಾಲೆಗೆ ಕಳಿಸಬಹುದಾ?

ನೋವು ಕಡಿಮೆಯಾದ ಮೇಲೆ ಕಳಿಸಿ, ಹೆಚ್ಚೆಂದರೆ ಒಂದು ವಾರ. ಮನೆಯಲ್ಲಿ ಟಿವಿ ಮುಂದೆ ಕೂತು ಮಾಡುವುದೇನೂ ಇಲ್ಲ. ಟೀಚರ್‌ಗೆ ಒಂದು ಚೀಟಿ ಬರೆದುಕೊಡಿ: ಆಟದ ಪೀರಿಯಡ್‌ನಲ್ಲಿ ಹೊರಗೆ ಬೇಡ, ಬ್ಯಾಗು ಬೇರೆಯವರು ಹಿಡಿಯಲಿ, ಬೆರಳು ಊದಿದರೆ ಫೋನ್ ಮಾಡಿ. ವ್ಯಾನಿನಲ್ಲಿ ಪೆಟ್ಟಾದ ಕೈ ಕಿಟಕಿ ಕಡೆ ಬರುವ ಹಾಗೆ ಕೂರಿಸಲು ಡ್ರೈವರ್‌ಗೆ ಹೇಳಿ, ಪಕ್ಕದ ಮಗುವಿನ ಬ್ಯಾಗು ತಾಗುವುದಿಲ್ಲ.